ಗುಬ್ಬಿ ಬರುತ್ತಿತ್ತು

ಅವಳು ಹದಿನಾರು ಕುರ್ಚಿಗಳನ್ನು ಒಂದೊಂದಾಗಿ ಒರೆಸಿ ದುಂಡಗೆ ಇಡುತ್ತಿದ್ದಳು. ಎಳೆದರೆ ಸದ್ದಾಗುತ್ತದೆಂದು ಎತ್ತಿಯೇ ಇಡುವುದು ಅವಳ ರೂಢಿ. ಬಾಗಿಲ ಪಕ್ಕದ ಕುರ್ಚಿಯ ಒಂದು ಕಾಲು ಗಿಡ್ಡ. ಹಳೆಯ ಹಾಜರಿ ಹಾಳೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರಡಿಗೆ ಸಿಕ್ಕಿಸಿದಳು. ನಡುವಿನ ಮೇಜಿನ ಮೇಲೆ ನೀರು, ಲೋಟ, ಕಣ್ಣೊರೆಸುವ ಕಾಗದದ ಡಬ್ಬಿ. ಮೊದಲ ಕಾಗದವನ್ನು ಅರ್ಧ ಹೊರಗೆಳೆದು ಬಿಟ್ಟಳು. ಹಾಗೆ ಬಿಟ್ಟರೆ ಅಳುವವರಿಗೆ ಸಂಕೋಚವಾಗುವುದಿಲ್ಲವೆಂದು ಪ್ರೊಫೆಸರ್ ಹೇಳಿಕೊಟ್ಟಿದ್ದರು.

ಹತ್ತು ಗಂಟೆಗೆ ಅಲ್ಲಿ ಕೂತು ಅಳಬೇಕಾದವಳು ಅವಳೇ.

ವರ್ಷಕ್ಕೊಮ್ಮೆ, ಹೊಸ ವಿದ್ಯಾರ್ಥಿಗಳು ಬಂದ ಎರಡನೆಯ ವಾರ, ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿಟ್ಟು, ಕೈ ತೊಳೆದುಕೊಂಡು, ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದ ಅತಿಥಿಯಾಗುತ್ತಿದ್ದಳು. ಗಂಡನ ಮನೆಯವರು ತನ್ನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ನಲವತ್ತೊಂದು ದಿನ ಕೂಡಿಹಾಕಿದ್ದನ್ನು ಹೇಳುತ್ತಿದ್ದಳು. ಎಂಟು ವರ್ಷ ಹೇಳಿ ಹೇಳಿ, ಎಲ್ಲಿ ತಡೆಯಬೇಕು, ಎಲ್ಲಿ ನೀರು ಕುಡಿಯಬೇಕು ಎಂಬುದೂ ಬಾಯಿಪಾಠವಾಗಿತ್ತು. ಮರುದಿನ ಮತ್ತೆ ಅದೇ ಬಕೆಟ್ಟು. "ನಮ್ ಟೆಕ್ಸ್ಟ್‌ಬುಕ್ಕು ನೆಲ ಒರೆಸ್ತಿದೆ, ಕಾಲಿಡಬೇಡ್ರೋ," ಎಂದು ಹೋದ ವರ್ಷ ಯಾರೋ ಅಂದಾಗ ಅವಳೂ ನಕ್ಕಿದ್ದಳು.

ಅಂದವನ ಮಾತು ಸುಳ್ಳೇನಲ್ಲ. ಹದಿನೈದು ವರ್ಷದ ಹಿಂದೆ ಪ್ರೊಫೆಸರ್ ಇನ್ನೂ ಕಿರಿಯ ಅಧ್ಯಾಪಕಿ. ಅವಳಿದ್ದ ಆಶ್ರಯಧಾಮಕ್ಕೆ ವಾರಕ್ಕೊಮ್ಮೆ ಬಂದು ಹೆಂಗಸರ ಮಾತಿಗೆ ಕಿವಿಯಾಗುತ್ತಿದ್ದರು. ಆರನೆಯ ವಾರ ಅವಳ ಬಾಯಿ ಜಾರಿತು. "ಗುಬ್ಬಿ ದಿನಾ ಬರ್ತಿತ್ತು. ಬೆರಳು ಮುಟ್ಟಿ ಹೋಗ್ತಿತ್ತು," ಅಂದುಬಿಟ್ಟಳು. ಗುಬ್ಬಿಯೆಂದರೆ ಮೈದುನನ ಆರು ವರ್ಷದ ಮಗಳು. ಮಧ್ಯಾಹ್ನ ದೊಡ್ಡವರು ಮಲಗಿದ ಮೇಲೆ, ಬಾಗಿಲಡಿಯ ಸಂದಿಯಲ್ಲಿ ಸೊಟ್ಟ ಕಿರುಬೆರಳೂ ಸೇರಿ ನಾಲ್ಕು ಬೆರಳು ತೂರಿಸಿ ಸುಮ್ಮನೆ ಕೂರುತ್ತಿದ್ದ ಮಗು. ಅದು ಇನ್ನೂ ಆ ಮನೆಯಲ್ಲೇ ಇತ್ತು. ಗೊತ್ತಾದರೆ ಚರ್ಮ ಸುಲಿಯುತ್ತಿದ್ದರು. ಆದರೆ ಅಧ್ಯಾಪಕಿ ಪೆನ್ನು ನಿಲ್ಲಿಸಿ, ಕಿಟಕಿಯೇ ಇಲ್ಲದ ಕೋಣೆಗೆ ಗುಬ್ಬಿ, ಎಂದು ತಮಗೆ ತಾವೇ ಹೇಳಿಕೊಂಡು ಕಣ್ಣೊರೆಸಿಕೊಂಡರು. ಮಗುವಿಗಾದರೂ ಹಕ್ಕಿಗಾದರೂ ಬರ್ತಿತ್ತು, ಹೋಗ್ತಿತ್ತು ಒಂದೇ ತಾನೆ. ಅವಳು ತಿದ್ದಲಿಲ್ಲ. ಹಕ್ಕಿಯನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಅವಳ ಮಾತು ಹೋಗಲಿಲ್ಲ, ಬೆಳೆಯಿತು. ನೊಂದ ಮನಸ್ಸು ಕತ್ತಲಲ್ಲಿ ತನಗೊಂದು ಜೊತೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಅಧ್ಯಾಪಕಿ ಪ್ರಬಂಧ ಬರೆದರು. ಅದಕ್ಕೆ ಡಾಕ್ಟರೇಟ್ ಬಂತು. ಆಮೇಲೆ ಗುಬ್ಬಿಯ ಚಿತ್ರದ ಮುಖಪುಟವಿರುವ ಪುಸ್ತಕ, ಪ್ರೊಫೆಸರ್ ಹುದ್ದೆ. ಏಣಿ ಹತ್ತಿದವರು ಅವಳನ್ನು ಕೆಳಗೆ ಬಿಟ್ಟು ಹೋಗಲಿಲ್ಲ. ವಿಭಾಗದಲ್ಲಿ ಕೆಲಸ ಕೊಡಿಸಿದರು, ಹಿಂದಿನ ಕಟ್ಟಡದಲ್ಲಿ ಇರಲು ಒಂದು ಕೋಣೆ ಕೊಡಿಸಿದರು. ಎರಡು ಕಿಟಕಿ ಇರುವ ಕೋಣೆಯನ್ನೇ ಹುಡುಕಿ ಕೊಡಿಸಿದ್ದರು. ಅಂಥವರೆದುರು ಅದು ಹಕ್ಕಿಯಲ್ಲ ಎನ್ನಲು ಅವಳಿಗೆ ಯಾವ ಬಾಯಿ?

ಕಳೆದ ಸೋಮವಾರ, ಒದ್ದೆ ನೆಲದ ಆಚೆ ನಿಂತು ಹೊಸ ವಿದ್ಯಾರ್ಥಿನಿಯೊಬ್ಬಳು "ದೊಡ್ಡಮ್ಮ" ಎಂದಳು. ಆ ಮುಖದ ಗುರುತು ಹತ್ತಲಿಲ್ಲ. ಪ್ರೊಫೆಸರರ ಪುಸ್ತಕ ಹಿಡಿದ ಕೈಯ ಸೊಟ್ಟ ಕಿರುಬೆರಳು ನೋಡಿ ಗುಬ್ಬಿಯೆಂದು ಗೊತ್ತಾಯಿತು.

"ಇದನ್ನ ಓದ್ದೆ," ಎಂದಳು ಹುಡುಗಿ. "ಮನೇಲಿ ಕೇಳಿದ್ರೆ ಅಂಥ ಕೋಣೆನೇ ಇರ್ಲಿಲ್ಲ ಅಂತಾರೆ. ಇದ್ರಲ್ಲಿ ನೋಡಿದ್ರೆ ಕೋಣೆ ಇದೆ, ನಾನೇ ಇಲ್ಲ. ನಾನು ಹಕ್ಕಿಯಂತೆ." ನಗಲು ನೋಡಿದಳು, ಆಗಲಿಲ್ಲ.

"ನೀನಿದ್ದೆ ಕಣಮ್ಮ."

"ನಂಗೊಬ್ಳಿಗೆ ಹೇಳಿದ್ರೆ ಸಾಲ್ದು ದೊಡ್ಡಮ್ಮ. ಅಲ್ಲಿ ಹೇಳಿ. ಎಲ್ಲರ ಎದುರಿಗೆ."

ಆದರೆ ತಾನು ಆ ಮನೆಯವಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲವೆಂದು ಹುಡುಗಿ ಮೆಲ್ಲಗೆ ಸೇರಿಸಿ, ಒದ್ದೆ ನೆಲ ತುಳಿಯದೆ ಗೋಡೆಯಂಚಿನಲ್ಲೇ ನಡೆದು ಹೋದಳು.

ಎರಡು ದಿನ ನಿದ್ದೆಗೆಟ್ಟು, ಈ ಸಲ ತನ್ನನ್ನು ಬಿಟ್ಟುಬಿಡಿ ಎಂದು ಅವಳು ಪ್ರೊಫೆಸರರನ್ನು ಕೇಳಿಯೂ ಕೇಳಿದಳು. ಅವರು ಅವಳನ್ನು ಕೂರಿಸಿ, ನೀರು ಕೊಟ್ಟು, ಕೈ ಹಿಡಿದುಕೊಂಡರು. ಹೊಸ ಕೇಂದ್ರಕ್ಕೆ ನಿರ್ದೇಶಕರನ್ನು ಆರಿಸುವ ಇಬ್ಬರು ಈ ಸಲ ಗೋಡೆ ಬದಿ ಕೂತು ನೋಡುವವರಿದ್ದಾರೆ, ತಪ್ಪಿಸುವಂತಿಲ್ಲ ಎಂದರು. ಆಮೇಲೆ ತಮ್ಮ ಮಾಮೂಲು ದನಿಯಲ್ಲಿ, "ಹೇಳಿಕೊಂಡಷ್ಟೂ ಹಗುರ ಆಗ್ತೀರಿ," ಎಂದರು. ಎಂಟು ವರ್ಷದ ಹಗುರವನ್ನು ಹೊತ್ತುಕೊಂಡು ಅವಳು ಎದ್ದು ಬಂದಳು.

ಹತ್ತು ಗಂಟೆಗೆ ಪ್ರೊಫೆಸರ್ ಬಾಗಿಲಿನ ಹೊರಗೆ 'ಒಳಗೆ ಬರಬೇಡಿ' ಫಲಕ ತೂಗುಹಾಕಿ, ಬಾಗಿಲು ಮುಚ್ಚಿ, ಚಿಲಕ ಹಾಕಿದರು. ಗೋಡೆ ಬದಿಯಲ್ಲಿ ಇಬ್ಬರು ಹಿರಿಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗಿಡ್ಡ ಕಾಲಿನ ಕುರ್ಚಿಯನ್ನು ಯಾರೂ ಆರಿಸುವುದಿಲ್ಲ. ಕೊನೆಗೆ ಬಂದ ಆ ಹುಡುಗಿಗೆ ಅದೇ ಸಿಕ್ಕಿತ್ತು.

ಅವಳು ಶುರು ಮಾಡಿದಳು. ಕೋಣೆಯ ಅಳತೆ, ಬೀಗದ ಸದ್ದು, ಎಣಿಕೆಗೆಂದು ಗೋಡೆಯಲ್ಲಿ ಗೀರಿದ ಗೆರೆ. ಮಾತು ಹಳಿ ಮೇಲೆ ಓಡಿದಂತೆ ತಾನಾಗಿಯೇ ಓಡಿತು. "ಗುಬ್ಬಿ ದಿನಾ ಬರ್ತಿತ್ತು" ಎಂಬಲ್ಲಿಗೆ ಬಂದಾಗ ಪ್ರೊಫೆಸರ್ ಲೋಟವನ್ನು ಅವಳತ್ತ ಸರಿಸಿದರು. ಅವಳು ನೀರು ಕುಡಿಯುವ ಜಾಗ ಅದು.

ಅವಳು ಲೋಟ ಮುಟ್ಟಲಿಲ್ಲ.

"ಅದು ಹಕ್ಕಿ ಅಲ್ಲ," ಎಂದಳು. "ಮಗು. ಇಲ್ಲೇ ಕೂತಿದೆ."

ಪೆನ್ನುಗಳು ನಿಂತವು. ಪ್ರೊಫೆಸರ್ ಒಮ್ಮೆ ಗೋಡೆ ಬದಿ ನೋಡಿದರು. ಆಮೇಲೆ ಬಾಗಿ ಅವಳ ಮೊಣಕೈ ಮುಟ್ಟಿದರು. ಆ ಕೈ ಬೆಚ್ಚಗಿತ್ತು. ಅದರಲ್ಲಿ ಕಪಟವಿರಲಿಲ್ಲ.

"ಹೌದು. ಇಲ್ಲೇ ಇದೆ. ಯಾವಾಗ್ಲೂ ನಿಮ್ ಜೊತೇನೇ ಇರುತ್ತೆ."

ಹಿರಿಯರಲ್ಲೊಬ್ಬರು ತಲೆದೂಗಿದರು. ಪೆನ್ನುಗಳು ಮತ್ತೆ ಓಡಿದವು. ವಿದ್ಯಾರ್ಥಿಯೊಬ್ಬ ಡಬ್ಬಿಯಿಂದ ಕಾಗದವೆಳೆದು ಕಣ್ಣಿಗೊತ್ತಿಕೊಂಡ. ಬಾಗಿಲ ಪಕ್ಕದವಳು ಮಾತ್ರ ತಲೆ ತಗ್ಗಿಸಿದ್ದಳು. ನೋಟ್‌ಪುಸ್ತಕದ ಅಂಚಿನ ಮೇಲೆ ಅವಳ ನಾಲ್ಕು ಬೆರಳು ಕಾಣುತ್ತಿದ್ದವು.

"ಗುಬ್ಬಿ," ಎಂದಳು ಅವಳು, "ಒಂದ್ಸಲ ಎದ್ದು ನಿಲ್ಲಮ್ಮ."

ತಲೆಗಳೆಲ್ಲ ಕಿಟಕಿಯ ಕಡೆ ತಿರುಗಿದವು. ಅಲ್ಲಿ ಕಂಬಿಯಿತ್ತು, ಕಂಬಿಯಾಚೆ ಬಿಸಿಲಿತ್ತು. ಇತ್ತ ಬಾಗಿಲ ಪಕ್ಕದ ಕುರ್ಚಿಯಡಿಯಿಂದ ಮಡಿಸಿದ ಕಾಗದ ಜಾರಿ, ಗಿಡ್ಡ ಕಾಲು ಒಮ್ಮೆ ಟಕ್ಕೆಂದಿತು. ಆಮೇಲೆ ಸುಮ್ಮನಾಯಿತು. ಹುಡುಗಿ ಏಳಲಿಲ್ಲ.