ಗಂಡನ ಹೆಸರಿಗೆ ಹಾಜರ್

ನಮ್ಮ ಸಾನ್ ಬ್ರಾಸ್ ಊರಿನಲ್ಲಿ ನೀರಿನ ಪೈಪು ಒಡೆಯದ ವಾರವೇ ಇಲ್ಲ. ಬುಗ್ಗೆಯ ನೀರು ಗುಡ್ಡ ಇಳಿಯುವಷ್ಟರಲ್ಲಿ ಅರ್ಧ ಕಳ್ಳಿಗಿಡಗಳ ಪಾಲು. ಅದಕ್ಕೇ ಭಾನುವಾರ ಬಂತೆಂದರೆ ತೆಕಿಯೋ. ಮನೆಗೊಬ್ಬರು ಬಂದು ಊರಿಗಾಗಿ ದುಡಿಯಬೇಕು, ಬಾರದ ಮನೆಯ ನಲ್ಲಿ ಬಂದ್. ಗಂಡಸರಲ್ಲಿ ಹೆಚ್ಚಿನವರು ಗಡಿಯಾಚೆ ಟೊಮ್ಯಾಟೊ ಕೀಳುತ್ತಿದ್ದಾರೆ. ಹಾಗಾಗಿ ಗುದ್ದಲಿ ಹಿಡಿದು ಬರುವವರು ನಾವೇ, ಹೆಂಗಸರು. ತಳವಾರ ನಿಕಾನೋರ್ "ಫಿಲೆಮೋನ್!" ಎಂದು ಕೂಗುತ್ತಾನೆ. ಫಿಲೆಮೋನನ ಹೆಂಡತಿ ಎಲೋಡಿಯಾ "ಹಾಜರ್" ಎನ್ನುತ್ತಾಳೆ. ಅವಳ ನೆರೆಯವಳಾದ ನಾನು, ಎರ್ಮಿಲಾ, ನನ್ನ ಗಂಡನ ಹೆಸರಿಗೆ ಓಗೊಡುತ್ತೇನೆ. ಇದೇ ನಮ್ಮೂರಿನ ರೂಢಿ.

ಆ ಪೈಪಿನ ಒಂದೊಂದು ಕೀಲೂ ಎಲೋಡಿಯಾಗೆ ಗೊತ್ತು. ಈ ಸಲ ನೀರು ಸಮಿತಿಗೆ ತಾನೇ ಅಧ್ಯಕ್ಷೆಯಾಗುತ್ತೇನೆ ಎಂದು ಊರಸಭೆಯಲ್ಲಿ ಎದ್ದು ನಿಂತಳು. ಹೆಂಗಸೊಬ್ಬಳು ಹಾಗೆ ನಿಂತದ್ದು ಅದೇ ಮೊದಲು. ಹಾಲಿ ಅಧ್ಯಕ್ಷ ಅಬುಂದಿಯೊ ನಕ್ಕ.

"ಊರಿಗೆ ದುಡಿದವರಿಗಷ್ಟೇ ಹುದ್ದೆ ಕಣಮ್ಮ. ನೀನು ಒಂದು ದಿನಾನಾದ್ರೂ ತೆಕಿಯೋ ಮಾಡಿದ್ದೀಯಾ? ಮಾಡಿದ್ದೆಲ್ಲ ಫಿಲೆಮೋನ್!"

"ಫಿಲೆಮೋನ್ ಈ ಪೈಪಿನ ಮುಖಾನೇ ನೋಡಿಲ್ಲ!"

"ಕೂಗಿದ ಹೆಸರು ಅವನದು, ಹಾಜರಿನೂ ಅವನದೇ."

ಗದ್ದಲವಾಯಿತು. ಆಯ್ಕೆ ಮುಂದಿನ ಭಾನುವಾರಕ್ಕೆ ಹೋಯಿತು.

ಸಂಜೆ ಎಲೋಡಿಯಾಳ ಅಡುಗೆಮನೆಗೆ ಅವಳ ಅತ್ತೆ ತೊಮಾಸಾ ನುಗ್ಗಿದಳು. ಮುದುಕಿ ಪಕ್ಕದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಬಾಯಿಗೆ ಊರೇ ಹೆದರುತ್ತದೆ.

"ಮನೆ ಮಾನ ಹರಾಜು ಹಾಕಿದ್ಯಲ್ಲೇ! ನನ್ನ ಮಗ ಅಲ್ಲಿ ಬೆನ್ನು ಬಗ್ಗಿಸಿ ದುಡೀತಿದ್ದಾನೆ, ನಿನಗಿಲ್ಲಿ ಕುರ್ಚಿ ಬೇಕಾ?"

"ಕುರ್ಚಿ ಅಲ್ಲ ಅತ್ತೆ, ನೀರು. ನಿಮಗೂ ಬೇಡ್ವಾ?"

ಅಲ್ಲೇ ಕೂತಿದ್ದ ನಾನು ಬಾಯಿ ಹಾಕಿದೆ. ಪಕ್ಕದೂರಿನ ಆಸ್ಪತ್ರೆ ಸಮಿತಿಯಲ್ಲಿದ್ದು ನಾಲ್ಕಕ್ಷರ ಕಾನೂನು ಕಲಿತಿದ್ದೆ.

"ಅಜ್ಜಿ, ಸಭೇಲಿ ಕೈ ಎತ್ತೋಕೂ, ಹುದ್ದೆಗೆ ನಿಲ್ಲೋಕೂ ಹೆಂಗಸರಿಗೆ ಹಕ್ಕಿದೆ. ಊರಿನ ಪದ್ಧತಿ ಅಂತ ಅದನ್ನ ಯಾರೂ ಕಿತ್ಕೊಳೋ ಹಾಗಿಲ್ಲ. ಎಲೋಡಿಯಾ, ಈ ಭಾನುವಾರ ಅವನ ಹೆಸರು ಕೂಗಿದ್ರೆ ಓಗೊಡಬೇಡ."

"ಓಗೊಡದಿದ್ರೆ ನಲ್ಲಿ ಬಂದ್ ಮಾಡ್ತಾರೆ! ನನ್ನ ಮೊಮ್ಮಕ್ಕಳಿಗೆ ನೀನು ನೀರು ಹೊತ್ತು ಹಾಕ್ತೀಯೇನೇ, ಲಾಯರಮ್ಮ?"

ಮುದುಕಿ ಹೇಳಿದ್ದು ನಿಜವಾಗಿತ್ತು. ಎಲೋಡಿಯಾ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು.

ಭಾನುವಾರ ಬುಗ್ಗೆಯ ಬಳಿ ಎಲ್ಲರೂ ಸೇರಿದೆವು.

"ಫಿಲೆಮೋನ್!"

ಉತ್ತರವಿಲ್ಲ. ನಿಕಾನೋರ್ ಮತ್ತೆ ಕೂಗಿದ. "ಇಲ್ಲೇ ನಿಂತಿದ್ದೀಯಲ್ಲಮ್ಮ, ಹಾಜರ್ ಅನ್ನು."

"ಫಿಲೆಮೋನ್ ಬಂದಿಲ್ಲ ಅಣ್ಣ. ಎಲೋಡಿಯಾ ಬಂದಿದ್ದಾಳೆ. ಅವಳನ್ನ ಕರಿ" ಎಂದಳು ಎಲೋಡಿಯಾ.

"ಗೈರುಹಾಜರಿ!" ಎಂದ ಅಬುಂದಿಯೊ. "ಆ ಮನೆ ನಲ್ಲಿ ಬಂದ್. ಮುಂದಿನವರನ್ನ ಕರಿ."

ಎಲೋಡಿಯಾ ಗುದ್ದಲಿ ಕೆಳಗಿಡಲಿಲ್ಲ. ಅವಳನ್ನು ಈ ಸಂಕಟಕ್ಕೆ ನೂಕಿದವಳು ನಾನೇ ಎಂದು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ಅರ್ನುಲ್ಫೊ!"

ಅದು ಎಲೋಡಿಯಾಳ ಮಾವನ ಹೆಸರು. ಅವನು ಸತ್ತು ಎಷ್ಟೋ ವರ್ಷವಾದರೂ ತೊಮಾಸಾ ಆ ಹೆಸರಿಗೇ ಹಾಜರಿ ಹೇಳುತ್ತಾ ಬಂದಿದ್ದಳು. ಎಲ್ಲರೂ ಅವಳತ್ತ ತಿರುಗಿದರು. ಮುದುಕಿ ಸೊಸೆಯ ಕೈಯಲ್ಲಿದ್ದ ಗುದ್ದಲಿಯನ್ನು ನೋಡಿದಳು. ಆಮೇಲೆ ಅಬುಂದಿಯೊನನ್ನು ನೋಡಿದಳು.

"ಅರ್ನುಲ್ಫೊ ಸ್ಮಶಾನದಲ್ಲಿ ಮಲಗಿದ್ದಾನೆ. ಅಲ್ಲಿಗೇ ಹೋಗಿ ಕೂಗು! ಇಷ್ಟು ವರ್ಷ ಸತ್ತೋನ ಹೆಸರಲ್ಲಿ ಮಣ್ಣು ಹೊತ್ತಿದ್ದು ಸಾಕು. ನನ್ನ ಹೆಸರು ತೊಮಾಸಾ. ನನ್ನ ನಲ್ಲೀನೂ ಬಂದ್ ಮಾಡ್ತೀಯೇನೋ ಅಬುಂದಿಯೊ? ಮಾಡು, ನೋಡೇಬಿಡ್ತೀನಿ!"

ಅಲ್ಲಿಂದ ಮುಂದೆ ಯಾವ ಗಂಡನ ಹೆಸರಿಗೂ ಹಾಜರಿ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಎಲ್ಲರ ನಲ್ಲಿ ಬಂದ್ ಮಾಡಿದರೆ ಪೈಪಿಗಾಗಿ ನೆಲ ತೋಡುವವರು ಯಾರು? ಅಬುಂದಿಯೊ ಬೆವರು ಒರೆಸಿಕೊಂಡು, "ಹೆಂಗಸರ ಹೆಸರೇ ಕೂಗು ಮಾರಾಯ, ಬಿಸಿಲೇರ್ತಿದೆ" ಎಂದ.

"ಎಲೋಡಿಯಾ!"

"ಹಾಜರ್."

ಸಂಜೆ ಸಭೆಯಲ್ಲಿ ಅಬುಂದಿಯೊ ಮತ್ತೆ ರಾಗ ತೆಗೆದ. "ಅವಳ ಲೆಕ್ಕದಲ್ಲಿ ಇರೋದು ಇವತ್ತಿನ ಒಂದೇ ಹಾಜರಿ."

"ಇಷ್ಟು ವರ್ಷ ಹಾಜರ್ ಅಂದ ದನಿ ಯಾರದು ಅಂತ ಕೂಗಿದ ನನಗೆ ಗೊತ್ತಿಲ್ವಾ?" ಎಂದ ನಿಕಾನೋರ್.

ಎಲೋಡಿಯಾಗೆ ಮೊದಲು ಎದ್ದ ಕೈ ತೊಮಾಸಾಳದು. ಆಮೇಲೆ ಎದ್ದ ಕೈಗಳಲ್ಲಿ ಗಂಡಸರವೂ ಇದ್ದವು. ನಮ್ಮೂರ ನೀರು ಸಮಿತಿಗೆ ಈಗ ಅವಳೇ ಅಧ್ಯಕ್ಷೆ.

ಅಕ್ಕತಂಗಿಯರೇ, ನಿಮ್ಮ ದುಡಿಮೆ ಯಾರ ಹೆಸರಿಗೆ ಹೋಗುತ್ತಿದೆ ಎಂದು ನಿಮ್ಮೂರಲ್ಲಿ ಒಮ್ಮೆ ಕೇಳಿ. ಸಭೆಗೆ ಹೋಗಿ. ಸಭೆಯವರಿಗೆ ಊಟ ಬಡಿಸಿ ಎದ್ದು ಬರಬೇಡಿ, ಕೈ ಎಣಿಸುವ ತನಕ ಕೂತಿರಿ. ನಿಮ್ಮಲ್ಲೊಬ್ಬಳು ಮೊದಲ ಬಾರಿ ಎದ್ದು ನಿಂತರೆ ಅವಳನ್ನು ಒಂಟಿಯಾಗಿ ನಿಲ್ಲಲು ಬಿಡಬೇಡಿ. ಅಣ್ಣಂದಿರೇ, ನಿಮಗೂ ಒಂದು ಮಾತು: ದುಡಿದವಳು ಎದುರಿಗೇ ಇದ್ದಾಳೆ, ಅವಳ ಹೆಸರನ್ನೇ ಕೂಗಿ.