ಅಂದಾನೆಪ್ಪ ಸರ್ ನಡೆದ ಹೊಲ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಹೊಲದ ಬಿಳಿಜೋಳ ಆಳಿಗಿಂತ ಎತ್ತರ ನಿಂತಿತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಸಾಲಿನ ನಡುವೆ ಹೋಗಿ ನಿಂತರೆ ಆಕಾಶ ಒಂದು ಸಣ್ಣ ಸೀಳಿನಷ್ಟೇ ಕಾಣುತ್ತದೆ. ಬದುವಿನ ಮೇಲೆ ಯಾರಾದರೂ ಮಾತಾಡಿದರೆ ನೀರಿನ ಒಳಗಿಂದ ಬಂದ ಹಾಗೆ ಕೇಳುತ್ತದೆ. ಅಲ್ಲಿ ನಿಂತಾಗ ಅಂದಾನೆಪ್ಪ ಸರ್ ಇಲ್ಲ ಅನ್ನುವುದು ನನಗೆ ನಿಜ ಅನ್ನಿಸುತ್ತಿರಲಿಲ್ಲ. ಎರಡು ಸಾಲು ಆಚೆ ಗರಿ ಸರಿದರೂ ಅವರೇ ಬಂದರು ಅನ್ನಿಸುತ್ತಿತ್ತು. ದೀಪಾವಳಿಯ ಮರುವಾರ ಅವರು ಧಾರವಾಡದಲ್ಲಿ ತೀರಿಕೊಂಡಿದ್ದರು.

ಸರ್ ಅಲ್ಲಿ ಕೃಷಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು. ಕಟಕೋಳದ ನಮ್ಮ ಓಣಿಯ ಹದಿನೇಳು ಮನೆಗಳು ಸರಕಾರದ ಗೋಮಾಳವನ್ನು ಹಸನು ಮಾಡಿ ಮೂರು ತಲೆಮಾರಿನಿಂದ ಉಳುತ್ತಿದ್ದವು. ಕಾಗದ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಸರ್ ರಾಮದುರ್ಗದ ಕಚೇರಿಯಿಂದ ಬೈಲಹೊಂಗಲದ ಕಚೇರಿಗೆ ಬಸ್ಸಿನಲ್ಲಿ ಓಡಾಡಿ, ಬಾಕಿನ ಮೇಲೆ ಕಾದು ಕೂತು, ನಮಗೆ ಹಕ್ಕುಪತ್ರ ಬರುವ ಹಾಗೆ ಮಾಡಿದರು. ಕಿತ್ತೂರು, ಸವದತ್ತಿ ಕಡೆಯ ಹಳ್ಳಿಗಳಲ್ಲೂ ಅವರು ಹೀಗೇ ತಿರುಗಿದರಂತೆ. ಹೊಲಕ್ಕೆ ಬಂದಾಗ ಬದುವಿನಲ್ಲಿ ಚಪ್ಪಲಿ ಬಿಡುತ್ತಿದ್ದರು. ಹೋಗುವಾಗ ಅವು ನೆನಪಿರುತ್ತಿರಲಿಲ್ಲ. ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆವು. ‘ನಿಮ್ಮ ಸರ್ ಮುಂದ ಹೋಗ್ಯಾರ, ಕಾಲು ಹಿಂದ ಹೊಂಟಾವ ನೋಡ್ರಿ’ ಅಂತ ಕಂಡಕ್ಟರ್ ನಗುತ್ತಿದ್ದ.

ಹೊಲ ಯಾರದು ಅಂತ ತಿಳಿಯಲು ಅವರಿಗೆ ಒಂದು ದಾರಿ ಇತ್ತು. ಎಳ್ಳ ಅಮಾವಾಸ್ಯೆಗೆ ನಾವು ಸಜ್ಜೆ ಕಡಬು, ಪುಂಡಿಪಲ್ಯ, ಬದನೆಕಾಯಿ ಎಲ್ಲ ಮಾಡಿ ಹೊಲಕ್ಕೆ ಒಯ್ಯುತ್ತೇವೆ. ಅದನ್ನು ಒಂದು ಬುಟ್ಟಿಯಲ್ಲಿ ಕಲಸಿ, ಭೂಮಿತಾಯಿಗೆ ಅಂತ ಹೊಲದ ಅಂಚಿನ ಸುತ್ತ ಚೆಲ್ಲುತ್ತ ಹೋಗುತ್ತೇವೆ. ಅದಕ್ಕೆ ಚರಗ ಅನ್ನುತ್ತೇವೆ. ‘ಮಂದಿ ಹೊಲದಾಗ ಯಾರೂ ಚರಗ ಚೆಲ್ಲೂದಿಲ್ಲಲ್ಲೋ ಶಟ್ಟೆಪ್ಪಾ’ ಅಂತ ಸರ್ ನನ್ನ ಅಪ್ಪನಿಗೆ ಹೇಳಿದ್ದರಂತೆ. ಒಂದೊಂದು ವರ್ಷ ಒಂದೆರಡು ಮನೆಯವರ ಹಿಂದೆ ಬರಿಗಾಲಲ್ಲಿ ಹೆಜ್ಜೆ ಎಣಿಸುತ್ತ ಸುತ್ತಿ, ಹೊಲದ ಆಕಾರವನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು.

ನಮ್ಮ ಸರದಿ ಬಂದ ವರ್ಷ ನನಗೆ ಒಂಬತ್ತು. ನನ್ನ ಆಯಿ, ಅಪ್ಪನ ಅವ್ವ ರಾಯವ್ವನಿಗೆ ಮೊಣಕಾಲು ನೋವು. ಹಾಗಾಗಿ ಬುಟ್ಟಿ ನನ್ನ ಸೊಂಟಕ್ಕೆ ಬಂತು. ಬುಟ್ಟಿ ಹೊತ್ತವರು ಹಿಂದೆ ನೋಡಬಾರದು, ಅವರನ್ನು ಹಿಂದಿನಿಂದ ಯಾರೂ ಕೂಗಬಾರದು, ದಾಟಿ ಮುಂದೆ ಹೋಗಬಾರದು. ಹಾಗೆ ಮಾಡಿದರೆ ಚರಗ ಕೆಟ್ಟಿತು. ಮೂಡಣ ಮೂಲೆಯಲ್ಲಿ ಒಂದು ಒರತಿ ಇದೆ, ಬೇಸಗೆಯಲ್ಲೂ ಬತ್ತದ ಸಣ್ಣ ನೀರಿನ ಗುಂಡಿ. ಪಕ್ಕದಲ್ಲಿ ಆಗ ದೊಡ್ಡ ಹುತ್ತ. ಆವತ್ತು ಹುತ್ತದ ಬಾಯಲ್ಲಿ ಹಾವಿನ ಪೊರೆ ಸಿಕ್ಕಿಕೊಂಡು ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು. ನಾನು ಮೂಲೆಯವರೆಗೆ ಹೋಗಲಿಲ್ಲ. ಮೂವತ್ತು ಮಾರು ಈಚೆಗೇ ಜೋಳದ ಸಾಲಿಗೆ ಅಡ್ಡ ನುಗ್ಗಿ, ಬುಟ್ಟಿ ಅವುಚಿಕೊಂಡು ಓಡಿದೆ. ಆಯಿ, ಅಪ್ಪ, ಸರ್ ಮೂವರೂ ನನ್ನ ಹಿಂದೆ ಬಂದರು. ಯಾರೂ ಕೂಗಲಿಲ್ಲ. ಹೊತ್ತು ಇಳಿಯುವ ಮುಂಚೆ ಆಯಿ ಒಂದು ಹಿಡಿ ಅನ್ನ ತೆಗೆದುಕೊಂಡು ಒಬ್ಬಳೇ ಆ ಮೂಲೆಗೆ ಕುಂಟುತ್ತ ಹೋದಳು. ನಾನು ಚಕ್ಕಡಿಯ ಮೇಲೆ ಕೂತು ನೋಡಿದೆ. ಅಷ್ಟರಲ್ಲಿ ಸರ್ ಬಸ್ಸು ಹತ್ತಿಯಾಗಿತ್ತು.

ಹನ್ನೆರಡು ವರ್ಷ ಕಳೆಯಿತು. ಆಯಿ ಹೋದಳು. ನಾನು ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟೆ. ಹಕ್ಕುಪತ್ರ ಬಂದಿತ್ತು, ಆದರೆ ಅದರಲ್ಲಿ ನಕ್ಷೆ ಇರಲಿಲ್ಲ. ಈ ಸಲ ಅಮಾವಾಸ್ಯೆ ಕಳೆದ ಸೋಮವಾರ ಭೂಮಾಪಕರು ಬಂದು ಗಡಿಕಲ್ಲು ನೆಡುವವರಿದ್ದರು. ಆಜೂಬಾಜೂದವರು ಒಪ್ಪಿ ಸಹಿ ಮಾಡಿದ ನಕ್ಷೆ ಇದ್ದರೆ ಅದರಂತೆಯೇ ಅಳೆಯುತ್ತೇವೆ ಅಂದಿದ್ದರು. ಸರ್ ವಹಿ ಇರುವಾಗ ಬೇರೆ ನಕ್ಷೆ ಯಾಕೆ ಅಂತ ಓಣಿಯೆಲ್ಲ ಒಪ್ಪಿತು. ಅವರ ನೆನಪಿಗೆ ಈ ಅಮಾವಾಸ್ಯೆಯ ಊಟ ಎಲ್ಲರೂ ನಮ್ಮ ಹೊಲದಲ್ಲೇ ಮಾಡುವುದು ಅಂತಲೂ ಆಯಿತು. ಸರ್ ಹತ್ತಿರ ಕಡೆಯದಾಗಿ ಕಲಿತ ಸಪ್ನಾ ಅನ್ನುವವಳು ಧಾರವಾಡದಿಂದ ವಹಿ ತಂದಳು.

ಕಂಬಳಿಯ ಮೇಲೆ ವಹಿ ಬಿಚ್ಚಿದಾಗ ಮಂದಿ ಒಬ್ಬೊಬ್ಬರಾಗಿ ಹಾಳೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮ ಹೊಲದ ಪುಟ ಬಂತು. ಪೆನ್ಸಿಲ್ಲಿನ ತೆಳು ಗೆರೆ ಮೂಡಣ ಮೂಲೆಗೆ ಹೋಗದೆ ಅಡ್ಡ ತಿರುಗಿತ್ತು. ಒಂಬತ್ತನೆಯ ವಯಸ್ಸಿನ ನನ್ನ ಹೆದರಿಕೆ ಅಲ್ಲಿ ಹಾಗೇ ಇತ್ತು. ಒರತಿ ಗೆರೆಯ ಆಚೆ, ಪಕ್ಕದ ಹೊಲದ ಜಟ್ಟೆಪ್ಪ ಕಾಕಾನ ಪಾಲಿಗೆ ಬಿದ್ದಿತ್ತು. ಆ ವರ್ಷ ಅವರ ಮನೆಯಲ್ಲಿ ಸೂತಕ. ಅವರು ಚರಗ ಚೆಲ್ಲಿರಲಿಲ್ಲ. ಹಾಗಾಗಿ ಸರ್ ನಮ್ಮ ಗೆರೆಯನ್ನೇ ಅವರ ಗೆರೆ ಅಂತ ಹಿಡಿದಿದ್ದರು.

‘ಮುಗೀತಲ್ಲ! ಸರ್ ಬರದಾರ ಅಂದಮ್ಯಾಲ ಇನ್ನೇನೈತಿ?’ ಜಟ್ಟೆಪ್ಪ ಕಾಕಾ ಮೀಸೆ ಒರೆಸಿಕೊಂಡ. ‘ಕಲ್ಲ ನಟ್ಟ ಮರುದಿನ ಜೆಸಿಬಿ ತರಸತೇನಿ. ಒರತಿ ದೊಡ್ಡದ ಮಾಡಿ ಪೈಪ ಹಾಕೂದ.’

ಅಪ್ಪನ ಹೆಬ್ಬೆರಳು ಗೆರೆಯ ಮೇಲೆ ಸರಿಯುತ್ತ ಹೋಗಿ ಆ ತಿರುವಿನಲ್ಲಿ ನಿಂತಿತು. ಆಮೇಲೆ ಅವನು ಕೈ ತೆಗೆದ. ‘ಸರ್ ಬರದದ್ದ ಖರೆ. ಪೆನ್ ಕೊಡ್ರಿ.’

ನಾನು ಅವನ ಅಂಗಿ ಜಗ್ಗಿದೆ. ‘ಅಪ್ಪಾ, ಒರತಿ ಆಚೀಗಿ ಹೋತು.’

‘ಹೋಗ್ಲಿ.’

‘ಮೆಣಸಿನ ಸಸಿಗೆ ಎಲ್ಲಿಂದ ನೀರ ತರೂದು?’

‘ಹೊಲಾನ ಅವರ ಕೊಡಿಸಿದ್ದು. ಅವರ ನೆನಪಿನ ದಿನಾನ ಅವರು ತಪ್ಪ ಬರದಾರಂತ ನಾಲ್ಕ ಮಂದಿ ಮುಂದ ನನ್ನ ಕಡಿಂದ ಅನಸಬ್ಯಾಡ. ಸುಮ್ಮಕಿರು.’

ಸಪ್ನಾ ಪೆನ್ನಿನ ಮುಚ್ಚಳ ತೆಗೆದಳು. ಬಿಸಿಲು ಏರಿತ್ತು. ಇಡೀ ಜೋಳ ಏನೋ ಕೇಳಲು ನಿಂತ ಹಾಗೆ ನಿಶ್ಚಲವಾಗಿತ್ತು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

‘ಸರ್ ತಪ್ಪ ಬರದಿಲ್ರಿ. ನಾ ತಪ್ಪ ನಡದಿದ್ದೆ.’

‘ಏನಂತ? ಜೋರಾಗಿ ಹೇಳ ತಂಗೆವ್ವಾ, ಜೋಳದ ಕೂಡ ಮಾತಾಡಾಕತ್ತಿಯೇನು?’ ಅಂದ ಜಟ್ಟೆಪ್ಪ ಕಾಕಾ. ಮಂದಿ ನಕ್ಕರು.

ಹುತ್ತ, ಪೊರೆ, ನಾನು ಅಡ್ಡ ನುಗ್ಗಿದ್ದು, ಸರ್ ನನ್ನ ಹಿಂದೆ ಬಂದದ್ದು ಎಲ್ಲ ಹೇಳಿದೆ. ಹೇಳುವಷ್ಟು ಹೊತ್ತೂ ಅಪ್ಪ ನೆಲ ನೋಡುತ್ತಿದ್ದ.

‘ಹನ್ನೆರಡ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ, ಕಡಬು?’

‘ಯಾರೂ ಕೇಳಲಿಲ್ಲರಿ ಕಾಕಾ.’

‘ಈಗ ಕೇಳೂದಕ್ಕ ಸಾಕ್ಷಿ ಯಾರ ಅದಾರ? ನಿಮ್ಮ ಆಯಿ ಇಲ್ಲ, ಸರ್ ಇಲ್ಲ. ನಿಮ್ಮಪ್ಪ ನೋಡಿದ್ರ ಸಹಿ ಮಾಡಾಕ ಕುಂತಾನ.’

ಆಗ ಎಲೆಗಳಿಗೆ ಪುಂಡಿಪಲ್ಯ ಬಡಿಸುತ್ತಿದ್ದ ಕರೆವ್ವ ಕಾಕಿ, ಜಟ್ಟೆಪ್ಪ ಕಾಕಾನ ಹೆಂಡತಿ, ಸೌಟು ಬೋಗುಣಿಯಲ್ಲಿ ಇಟ್ಟು ಸೊಂಟ ನೆಟ್ಟಗೆ ಮಾಡಿದಳು.

‘ಹುಡುಗಿ ಓಡಿದ್ದ ಖರೆ ಐತಿ. ನಾ ಅಲ್ಲೇ ಬದುವಿನ ಮ್ಯಾಲ ಎಮ್ಮಿ ಮೇಸಾಕತ್ತಿದ್ದೆ. ಮೊಲಾ ಓಡಿದಂಗ ಓಡಿದ್ಲ ನೋಡ್ರಿ! ಹಿಂದ ರಾಯವ್ವತ್ತಿ ಕುಂಟಕೋತ, ಆಮ್ಯಾಲ ಶಟ್ಟೆಪ್ಪಣ್ಣ, ಅಂಥಾ ದೊಡ್ಡ ಮನಷ್ಯಾ ಸರ್ರೂ ಧೋತರಾ ಎತ್ಕೊಂಡ ಜೋಳದಾಗ ಅಡ್ಡ ಹೊಂಟ್ರು. ಮನ್ಯಾಗ ಸೂತಕ ಇದ್ರೂ ನಕ್ಕೆ.’

‘ಏ, ನೀ ಯಾರ ಕಡೆ ಅದಿ?’ ಅಂದ ಗಂಡ.

‘ನಾ ಎಮ್ಮಿ ಕಡೆ ಇದ್ದೆ ಅಂತ ಹೇಳಾಕತ್ತೇನಲ್ಲ. ಪೈಪ ಹಾಕೂದಿದ್ರ ನಮ್ಮ ಹೊಲದಾಗ ಹಾಕು.’

ಈ ಸಲ ನಗು ಜೋರಾಗಿ ಬಂತು. ಕಾಕಾ ಮಾತ್ರ ನಗಲಿಲ್ಲ.

ಸಪ್ನಾ ಪೆನ್ನು ಮುಚ್ಚಿದಳು. ‘ಸರ್ ಹಾಕಿದ ಗೆರಿ ನಾ ಅಳಸೂದಿಲ್ರಿ. ಅವರು ನೋಡಿದ್ದ ಬರದಾರ. ಹೊಸಾ ಹಾಳಿ ತಂದೇನಿ. ತಂಗೆವ್ವಾ, ನೀ ಬುಟ್ಟಿ ಹೊತ್ತ ನಡಿ. ನಾ ಎಣಸತೇನಿ. ಎರಡೂ ಹೊಲದವರು ಹಿಂದ ಬಂದ್ರ ಇಬ್ಬರೂ ಒಪ್ಪಿದಂಗ.’

ಬುಟ್ಟಿ ಎತ್ತಿಕೊಂಡೆ. ಪಡುವಣ ಬದು, ತೆಂಕಣ ಬದು ದಾಟಿದೆವು. ಚೆಲ್ಲಿದ ಅನ್ನ ಗರಿಗಳಿಗೆ ತಾಗಿ ಹನಿಯ ಹಾಗೆ ಸದ್ದು ಮಾಡುತ್ತಿತ್ತು. ಹಿಂದೆ ಸಪ್ನಾಳ ಎಣಿಕೆ, ಚೆಲ್ಲಿದ ಚರಗದ ಮೇಲೆ ಅಪ್ಪ ಚಿಮುಕಿಸುತ್ತಿದ್ದ ನೀರಿನ ಸದ್ದು. ಕಾಕಾ ಬರುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಹಿಂದೆ ನೋಡುವ ಹಾಗಿಲ್ಲ. ಮೂಡಣ ಮೂಲೆಯ ಹತ್ತಿರ, ಆವತ್ತು ನಾನು ತಿರುಗಿದ ಜಾಗದಲ್ಲಿ, ಎಲ್ಲ ಸದ್ದು ನಿಂತ ಹಾಗಾಯಿತು. ಗಾಳಿಯೂ ಇಲ್ಲ. ಹುತ್ತ ಮಳೆಗೆ ಕರಗಿ ಮೊಣಕಾಲೆತ್ತರದ ದಿಬ್ಬವಾಗಿತ್ತು. ಅದರ ಮೇಲೆ ಹುಲ್ಲು ಹೂ ಬಿಟ್ಟಿತ್ತು. ನನ್ನ ಹಿಂದೆ ಎಷ್ಟೋ ಜನ ನಿಂತಿದ್ದಾರೆ, ಅದರಲ್ಲಿ ಇದ್ದವರು ಯಾರು ಹೋದವರು ಯಾರು ಅಂತ ಬಿಡಿಸಲಾಗದು ಅನ್ನಿಸಿತು. ನಾನು ನೇರವಾಗಿ ನಡೆದೆ.

‘ಚಪ್ಪಲಿ ಬಿಡೋ ಮಾರಾಯಾ, ಚರಗದ ಹಾದಿ ಅದು’ ಅಂತ ಕರೆವ್ವ ಕಾಕಿಯ ದನಿ ದೂರದಿಂದ ಬಂತು.

ಆಮೇಲೆ ಒಣಗರಿ ತುಳಿಯುವ ಭಾರದ ಹೆಜ್ಜೆಗಳು ಹುತ್ತದ ಪಕ್ಕಕ್ಕೆ ಬಂದು, ಒರತಿಯನ್ನು ಸುತ್ತಿ, ನನ್ನ ಹಿಂದೆಯೇ ತಿರುಗಿದವು.

ಜಟ್ಟೆಪ್ಪ ಕಾಕಾ ಹೊಸ ಹಾಳೆಗೆ ಮೊದಲು ಸಹಿ ಮಾಡಿದ. ‘ಒರತಿ ನಿಮ್ದು. ಆದ್ರ ನೀರಿಗೆ ಬರತೇನಿ. ಬ್ಯಾಡ ಅಂದ್ರೂ ಬರತೇನಿ’ ಅಂದು ಊಟಕ್ಕೆ ಕೂತ.

ಅಪ್ಪ ಸಹಿ ಮಾಡಿ ಎದ್ದವನು ಎಲೆಯ ಹತ್ತಿರ ಬರಲಿಲ್ಲ. ಒರತಿಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ.

‘ಅವತ್ತ ನಾನೂ ಹಿಂದ ಇದ್ನೆಲ್ಲ’ ಅಂದ. ‘ಚರಗ ಮುಗದ ಮ್ಯಾಲರ ಸರ್‌ಗೆ ಹೇಳಬಹುದಿತ್ತು. ಅಂಥವರನ್ನ ಸುಮ್‌ಸುಮ್ಮನ ಜೋಳದಾಗ ಓಡಿಸಿದ್ವಿ ಅಂತ ಹೇಳಾಕ ನಾಚಿಕಿ ಆತು.’

‘ನನಗೂ’ ಅಂದೆ.

ಅವನು ನೀರಿಗೆ ಕೈ ಇಳಿಸಿದ. ತಳದ ಕಪ್ಪು ಮಣ್ಣು ಎದ್ದು ಹೊಗೆಯ ಹಾಗೆ ಹರಡಿತು. ಆ ಕಡೆ ಊಟಕ್ಕೆ ಕರೆಯುತ್ತಿದ್ದರು. ನೀರು ತಿಳಿಯಾಗುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು.