ಮುಂದಕ್ಕೆ ಹಾಕುವ ಮಾತ್ರೆ

“ಸೊನ್ನೆ ಅಂತ ಬರ್ಕೊಳ್ಳವ್ವ,” ಎಂದಳು ಮಾಯಮ್ಮ.

ಮುಟ್ಟಿನ ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದ್ದಾದರೆ ಹತ್ತು. ಮಳವಳ್ಳಿಯ ಈ ಪೂಜಾರಿ ಮನೆಯ ಜಗಲಿಯಲ್ಲಿ ಕುಳಿತು ಗಗನ ಕೇಳಿದ್ದು ಅದನ್ನೇ. ಮುಟ್ಟಿಗಿನ್ನೂ ಮೂರು-ನಾಲ್ಕು ದಿನವಿದ್ದರೂ ಗಗನಳ ಸೊಂಟದೊಳಗೆ ಮಾತ್ರ ಬೆಳಗಿನಿಂದ ಯಾರೋ ಹಗ್ಗ ಹೊಸೆಯುತ್ತಿದ್ದರು.

ಗರ್ಭಕೋಶದ ಒಳಪದರದಂಥದೇ ಹೊರಗೆಲ್ಲೋ ಬೆಳೆದು, ತಿಂಗಳು ತಿಂಗಳೂ ಹೊಟ್ಟೆಯೊಳಗೇ ರಕ್ತ ಸುರಿಸುವ ಕಾಯಿಲೆ, ಎಂಡೊಮೆಟ್ರಿಯೋಸಿಸ್. ಯಾಕೆ ಬರುತ್ತದೆಂದು ಯಾರಿಗೂ ಖಚಿತವಿಲ್ಲ. ಮಂಡ್ಯದಲ್ಲಿ ನಡೆಯುತ್ತಿದ್ದ ಸಂಶೋಧನೆಗೆ ನೋವಿರುವವರ ರಕ್ತದಷ್ಟೇ ನೋವಿಲ್ಲದವರ ರಕ್ತವೂ ಬೇಕಿತ್ತು. ಗಗನ ಅಲ್ಲಿ ಸಹಾಯಕಿ. ಕಾಯಿಲೆ ಅವಳಿಗೂ ಇತ್ತು. ಕಾರಣ ಸಿಕ್ಕರೆ ತನ್ನದೇನೂ ಪಾಪವಿಲ್ಲವೆಂದು ತಿಳಿಯುತ್ತದೆ ಎಂದುಕೊಂಡೇ ಸೇರಿದ್ದಳು.

ಮಾಯಮ್ಮನ ತೋಳಿಗೆ ರಬ್ಬರು ಪಟ್ಟಿ ಬಿಗಿದಳು. ನರ ಉಬ್ಬಿತು.

“ಯಾವತ್ತೂ ನೋವಿರಲಿಲ್ವಾ ಅಕ್ಕ?”

“ಇತ್ತು ಕಣವ್ವ. ಮದ್ವೆಗ್ ಮುಂಚೆ ನೆಲದ್ ಮ್ಯಾಲೆ ಒಳ್ಳಾಡ್ತಿದ್ದೆ. ಈ ಮನೇಗ್ ಬಂದ್ಮ್ಯಾಲೆ ಓಯ್ತು. ಎಲ್ಲಾ ಗುಡಿ ಅಮ್ಮನ ದಯ.”

“ಹೇಗೆ ಹೋಯ್ತು?”

“ಮುಟ್ಟಾದ್ರೆ ತಾನೆ ನೋವು? ಯಜಮಾನ್ರು ಗುಡೀಲಿದ್ರೆ ಮನೆ ದೀಪ ನಾನೇ ಅಚ್ಬೇಕು. ಮುಂದಕ್ಕಾಕೋ ಮಾತ್ರೆ ಬತ್ತವಲ್ಲ, ಅವ್ನ ನುಂಗ್ಕಂಡೇ ಇರ್ತೀನಿ. ಯಾವಾಗ್ಲೋ ಒಂದ್ಸತಿ ಬುಡ್ತೀನಿ.”

ಗಗನ ಪಟ್ಟಿ ಬಿಚ್ಚಿದಳು. ಆ ಮಾತ್ರೆಯನ್ನೇ ಡಾಕ್ಟರು ಈ ಕಾಯಿಲೆಗೂ ಬರೆಯುತ್ತಾರೆ. ಅದನ್ನು ನುಂಗುವವರ ರಕ್ತವನ್ನು ಸಂಶೋಧನೆಗೆ ತೆಗೆಯುವಂತಿಲ್ಲ. ಹಾಗಾದರೆ ಇವಳು ಆರೋಗ್ಯವಂತಳೋ, ರೋಗಿಯೋ?

“ಯಾಕವ್ವ ಬಿಚ್ದೆ? ನನ್ ರಕ್ತ ಮೈಲ್ಗೆಯಾ?”

“ಅಲ್ಲ ಅಕ್ಕ. ಆ ಔಷಧಿ...”

“ದ್ಯಾವ್ರಿಗೆ ಅಂತ ನುಂಗಿದ್ದು ಔಸ್ದಿ ಎಂಗಾದದು? ಓದ್ದೋಳು ನೀನು, ಅಷ್ಟೂ ಗೊತ್ತಾಗಾಕಿಲ್ವಾ?”

ಗಗನ ಖಾಲಿ ಸಿರಿಂಜನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು.

ಬಸ್ ನಿಲ್ದಾಣದಲ್ಲಿದ್ದಾಗ ನಿಡಘಟ್ಟದಿಂದ ಅತ್ತೆ ದೇವಿರಮ್ಮ ಫೋನು ಮಾಡಿದರು.

“ಇವತ್ತಿಂದ ಮಾತ್ರೆ ಸುರು ಮಾಡವ್ವ. ಬ್ಯಾಗಿಗೆ ಆಕಿವ್ನಿ. ಅಮ್ಮನ ಅಬ್ಬಕ್ಕೆ ಗುಡೀಗೆ ತಂಬಿಟ್ಟಿನಾರ್ತಿ ನೀನೇ ಓರ್ಬೇಕು.”

“ನೋವಿಗೆ ಅಂತ ಡಾಕ್ಟರು ಬರೆದಾಗ ಬೇಡ ಅಂದ್ರಿ. ಬಸಿರು ನಿಲ್ಲಲ್ಲ ಅಂತ.”

“ನೋವ ನೀನು ತಡ್ಕತೀಯ. ಮೈಲ್ಗೆಯ ಅಮ್ಮ ತಡ್ಕಂಡಾಳಾ?”

ಮದ್ದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೇಡಿದಾಗ ಸಿಗದ ಮಾತ್ರೆ ಬೇಡದೆಯೇ ಅಂಗೈಯಲ್ಲಿತ್ತು. ನುಂಗಿದರೆ ನೋವು ಇಳಿದೀತು. ಆದರೆ ಯಾರ ಸಲುವಾಗಿ? ಹಬ್ಬ ಮುಗಿದ ಮಾರನೆಯ ದಿನ ಅತ್ತೆ ಅದನ್ನು ಕಿತ್ತುಕೊಳ್ಳುತ್ತಾರೆ. ನಾಲಗೆಯ ಮೇಲಿಟ್ಟುಕೊಂಡಳು. ನೀರಿರಲಿಲ್ಲ. ಎಳವೆಯಿಂದ ಬಾಯಿಪಾಠವಾಗಿದ್ದ ಅಮ್ಮನ ಸ್ತೋತ್ರ ತಾನಾಗಿ ಹೊರಟು, ಆ ಕಹಿಯಲ್ಲಿ ಎರಡನೆಯ ಸಾಲಿಗೇ ತಡವರಿಸಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಕೆ.ಎಂ. ದೊಡ್ಡಿ ದಾಟಿ ಬಸ್ಸು ಯಾಕೋ ನಿಂತಿತು. ಗಗನ ಸೊಂಟ ಒತ್ತಿಕೊಂಡು ಕಿಟಕಿಯಾಚೆ ನೋಡಿದಳು. ನಾಲೆಯ ತೂಬು ಮುಚ್ಚಿತ್ತು. ಆದರೂ ಕೆಳಗಿನ ಬೀಳು ಜಮೀನಿನಲ್ಲಿ, ಯಾರೂ ನೀರು ಹಾಯಿಸದ ಕಡೆ, ಮಣ್ಣೊಳಗಿಂದ ಜಿನುಗಿದ ನೀರು ಕೆಂಪಗೆ ನಿಂತಿತ್ತು. ಒಬ್ಬ ಹೆಂಗಸು ಗುದ್ದಲಿಯಿಂದ ಅದಕ್ಕೆ ದಾರಿ ತೋಡುತ್ತಿದ್ದಳು. ತೋಡಿದಷ್ಟೂ ತುಂಬಿ, ನೀರು ಮತ್ತೆ ಅವಳ ಕಾಲ ಬುಡಕ್ಕೇ ಬರುತ್ತಿತ್ತು.